ವಿಧಾನಸೌಧದ ಬಾಗಿಲಲ್ಲಿ 'ಇಲ್ಲ ಸಾರ್' ಅನ್ನೋರು ಬೇಕು

ಸಂಪಾದಕರಿಗೆ ನಮಸ್ಕಾರ,

2025ರ ಮಾರ್ಚ್ 21ನೇ ತಾರೀಕು ವಿಧಾನಸಭೇಲಿ 18 ಜನ ಬಿಜೆಪಿ ಶಾಸಕರನ್ನ ಆರು ತಿಂಗಳಿಗೆ ಸಸ್ಪೆಂಡ್ ಮಾಡಿದ್ದು, ಅವ್ರು ನಾವು ಏಳಲ್ಲ ಅಂತ ಅಲ್ಲೇ ಕೂತಿದ್ದು, ಆಮೇಲೆ ಸದನ ಕಾಯೋ ಮಾರ್ಷಲ್‌ಗಳು ಬಂದು ಕೈಕಾಲು ಹಿಡಿದು ಹೊತ್ಕೊಂಡು ಹೊರಗೆ ಬಿಟ್ಟಿದ್ದು ಎಲ್ಲಾ ಟಿವೀಲಿ ನೋಡಿದೀವಿ. ಅದಾದ್ಮೇಲೆ ಎರಡು ತಿಂಗಳು ಇದೇ ಚರ್ಚೆ. ಸ್ಪೀಕರ್ ಮಾಡಿದ್ದು ಸರಿನಾ, ಶಾಸಕರು ಪೇಪರ್ ಹರಿದು ಎಸೆದಿದ್ದು ಸರಿನಾ, ಆರು ತಿಂಗಳು ಜಾಸ್ತಿ ಆಯ್ತಾ ಅಂತ. ಮೇ ತಿಂಗಳಲ್ಲಿ ಸಸ್ಪೆನ್ಷನ್ ವಾಪಸ್ಸೂ ಆಯ್ತು, ಎಲ್ಲ ಮರೆತ್ರು. ಆದ್ರೆ ಅವತ್ತು ಶಾಸಕರನ್ನ ಹೊತ್ತೋರು ಯಾರು, ಅವ್ರಿಗೆ ಈ ಕೆಲಸ ಹೆಂಗೆ ಸಿಕ್ತು, ಎಪ್ಪತ್ತು ಎಂಬತ್ತು ಕೇಜಿ ಮನುಷ್ಯ ಒದ್ದಾಡ್ತಿರುವಾಗ ಅವನಿಗೂ ಏಟಾಗದಂಗೆ ನಮಗೂ ಏಟಾಗದಂಗೆ ಎತ್ತೋದು ಹೆಂಗೆ ಅಂತ ಯಾರಾದ್ರೂ ಕಲಿಸಿದ್ರಾ, ಅಕಸ್ಮಾತ್ ಶಾಸಕರ ಭುಜ ಕಳಚಿಕೊಂಡಿದ್ರೆ ಕೇಸು ಯಾರ ತಲೆ ಮೇಲೆ ಬರ್ತಿತ್ತು, ಇದನ್ನ ಒಬ್ಬ ಆಂಕರ್ರೂ ಕೇಳಲಿಲ್ಲ. ನಿಮ್ಮ ಪತ್ರಿಕೇಲೂ ನಾನು ಓದಲಿಲ್ಲ, ಬೇಜಾರ್ ಮಾಡ್ಕೋಬೇಡಿ.

ನಾನು ಹೊಸೂರು ರೋಡ್ ಕಡೆ ಒಂದು ದೊಡ್ಡ ಕಂಪನಿ ಕ್ಯಾಂಪಸ್ಸಲ್ಲಿ ತುಂಬಾ ವರ್ಷ ಸೆಕ್ಯುರಿಟಿ ಸೂಪರ್‌ವೈಸರ್ ಆಗಿದ್ದೋನು, ಈಗ ಊರಲ್ಲಿದೀನಿ. ಹಾಗಾಗಿ ರಾಜಕೀಯ ನೋಡುವಾಗಲೂ ನನ್ನ ಕಣ್ಣು ಮೊದ್ಲು ಹೋಗೋದು ಗೇಟಿಗೆ, ಚಾಳಿ. ಗೇಟಿನ ಕೆಲಸ ಅಂದ್ರೆ ಜನ ತಿಳ್ಕೊಂಡಿರೋದು ನಿಂತ್ಕೊಂಡಿದ್ರೆ ಸಾಕು ಅಂತ. ನಿಲ್ಲೋದು ಕಷ್ಟ ಅಲ್ಲ ಸಾರ್. ದೊಡ್ಡ ಮನುಷ್ಯ ಐಡಿ ಕಾರ್ಡ್ ಇಲ್ದೆ ಬಂದಾಗ ಅವ್ರನ್ನ ನಿಲ್ಲಿಸೋದು ಕಷ್ಟ. ನಮ್ಮಲ್ಲಿ ಹೊಸದಾಗಿ ಸೇರಿದ್ದ ಹುಡುಗ ಒಬ್ಬ ಹಿಂಗೇ ಒಬ್ಬ ಸೀನಿಯರ್ ಮ್ಯಾನೇಜರ್‌ನ ಕಾರ್ಡ್ ಕೇಳಿ ನಿಲ್ಲಿಸಿದ. ರೂಲ್ ಪ್ರಕಾರ ಕರೆಕ್ಟು. ಮಾರನೇ ದಿನಾನೇ ಏಜೆನ್ಸಿಯೋರು ಅವನನ್ನ ಊರಾಚೆ ಯಾವುದೋ ಗೋಡೌನ್ ಸೈಟಿಗೆ ಹಾಕಿದ್ರು. ಅವತ್ತಿಂದ ನಮ್ಮ ಗೇಟಲ್ಲಿ ಕಾರು ಸ್ವಲ್ಪ ದೊಡ್ಡದಾಗಿ ಕಂಡ್ರೆ ಸಾಕು ಬೂಮ್ ಬ್ಯಾರಿಯರ್ ತಾನಾಗೇ ಮೇಲೆ ಹೋಗ್ತಿತ್ತು. ಕ್ಯಾಮೆರಾ ಎಷ್ಟೇ ಹಾಕಿ, ನೌಕರಿ ಭದ್ರ ಇಲ್ದೋನು ಯಾರನ್ನೂ ತಡೆಯಲ್ಲ. ಈ ಪತ್ರದಲ್ಲಿ ನಾನು ಹೇಳೋಕೆ ಹೊರಟಿರೋದು ಇಷ್ಟೇ, ಇನ್ನುಳಿದಿದ್ದು ಉದಾಹರಣೆ.

2023ರ ಜುಲೈ 7 ನೆನಪು ಮಾಡ್ಕೊಳ್ಳಿ. ಸಿದ್ದರಾಮಯ್ಯನವರು ಬಜೆಟ್ ಮಂಡಿಸಿದ ದಿನ. ವಿಧಾನಸಭೆ ಒಳಗೆ, ಗ್ಯಾಲರೀಲಿ ಅಲ್ಲ, ಶಾಸಕರ ಸೀಟಲ್ಲೇ, ಅದೂ ದೇವದುರ್ಗದ ಶಾಸಕಿಯವರ ಜಾಗದಲ್ಲಿ ಶಾಸಕರೇ ಅಲ್ಲದ ಒಬ್ಬ ಹಿರಿಯರು ಬಂದು ಕೂತಿದ್ರು. ತಾನೇ ಶಾಸಕ ಅಂತ ಹೇಳ್ಕೊಂಡು ಒಳಗೆ ಬಂದಿದ್ದು. ಕಂಡುಹಿಡಿದಿದ್ದು ಯಾರು? ಮಾರ್ಷಲ್ ಅಲ್ಲ, ಕ್ಯಾಮೆರಾ ಅಲ್ಲ, ಇನ್ನೊಬ್ಬ ಶಾಸಕರು ಗಮನಿಸಿ ಹೇಳಿದ್ಮೇಲೆ ಗೊತ್ತಾಯ್ತು. ಆಗ ಎಲ್ರೂ ಮಾರ್ಷಲ್‌ಗಳನ್ನ ಬೈದ್ರು. ನಾನು ಬೈಯಲ್ಲ. ಎಲೆಕ್ಷನ್ ಮುಗಿದು ಎರಡು ತಿಂಗಳೂ ಆಗಿರಲಿಲ್ಲ, 224 ಜನರಲ್ಲಿ ಹೊಸದಾಗಿ ಗೆದ್ದು ಬಂದೋರು ಬೇಜಾನ್ ಇದ್ರು, ಮುಖ ಪರಿಚಯ ಆಗೋಕೆ ಟೈಮ್ ಬೇಕು. ಬಿಳಿ ಬಟ್ಟೆ ಹಾಕಿರೋ ಹಿರಿಯರು 'ನಾನು ಎಮ್ಮೆಲ್ಲೆ' ಅಂತ ಗತ್ತಾಗಿ ಹೇಳಿದ್ರೆ 'ಕಾರ್ಡ್ ತೋರ್ಸಿ' ಅನ್ನೋಕೆ ಬಾಗಿಲಲ್ಲಿ ನಿಂತೋನಿಗೆ ಗುಂಡಿಗೆ ಬೇಕು. ಯಾಕಂದ್ರೆ ಹತ್ತು ಸಲದಲ್ಲಿ ಒಂಬತ್ತು ಸಲ ಅವ್ರು ನಿಜವಾಗ್ಲೂ ಎಮ್ಮೆಲ್ಲೆನೇ ಆಗಿರ್ತಾರೆ, 'ನನ್ನನ್ನೇ ಗೊತ್ತಿಲ್ವಾ' ಅಂತ ಹಕ್ಕುಚ್ಯುತಿ, ಅಂದ್ರೆ ಶಾಸಕನ ಹಕ್ಕಿಗೆ ಧಕ್ಕೆ ತಂದೆ ಅನ್ನೋ ಮಾತಾಡ್ತಾರೆ. ಆ ಒಂದು ಸಲಕ್ಕೋಸ್ಕರ ಒಂಬತ್ತು ಸಲ ಬೈಸ್ಕೊಳ್ಳೋಕೆ ರೆಡಿ ಇರೋನೇ ಒಳ್ಳೆ ಗೇಟ್‌ಮ್ಯಾನ್. ಆದ್ರೆ ಬೈಸ್ಕೊಂಡ್ರೂ ಕೆಲಸ ಹೋಗಲ್ಲ ಅನ್ನೋ ಗ್ಯಾರಂಟಿ ಅವನಿಗೆ ಯಾರಾದ್ರೂ ಕೊಡಬೇಕಲ್ವಾ.

ಗ್ಯಾರಂಟಿ ಸಂವಿಧಾನದಲ್ಲೇ ಇದೆ, ಬಹಳ ಜನಕ್ಕೆ ಗೊತ್ತಿಲ್ಲ ಅಷ್ಟೇ. 187ನೇ ವಿಧಿ ಓದಿ. ರಾಜ್ಯದ ಶಾಸಕಾಂಗಕ್ಕೆ ಅದರದ್ದೇ ಪ್ರತ್ಯೇಕ ಸಚಿವಾಲಯದ ಸಿಬ್ಬಂದಿ ಇರ್ಬೇಕು ಅಂತ ಅಲ್ಲಿದೆ. ಸರ್ಕಾರದ ಬೇರೆ ಇಲಾಖೆ ಥರ ಅಲ್ಲ, ಸರ್ಕಾರವನ್ನೇ ಪ್ರಶ್ನೆ ಮಾಡೋ ಸಭೆ ಅದು, ಅಲ್ಲಿ ಕೆಲಸ ಮಾಡೋರ ಬಡ್ತಿ ವರ್ಗಾವಣೆ ಎಲ್ಲ ಮಂತ್ರಿಗಳ ಕೈಯಲ್ಲಿ ಇರಬಾರ್ದು ಅನ್ನೋದು ಅದರ ಹಿಂದಿನ ಲೆಕ್ಕಾಚಾರ. ನೇಮಕಾತಿ ಹೆಂಗೆ ಅನ್ನೋದನ್ನ ಶಾಸಕಾಂಗ ಕಾನೂನು ಮಾಡಿ ಗೊತ್ತು ಮಾಡ್ಬಹುದು, ಅಲ್ಲೀವರೆಗೆ ಸ್ಪೀಕರ್, ಪರಿಷತ್ತಿನ ಸಭಾಪತಿ ಜೊತೆ ಸಮಾಲೋಚನೆ ಮಾಡಿ ರಾಜ್ಯಪಾಲರು ನಿಯಮ ಮಾಡ್ಬಹುದು. ತುಂಬಾ ಚೆನ್ನಾಗಿದೆ. ಆದ್ರೆ ಇದರದ್ದೇ ಇನ್ನೊಂದು ಮುಖ ಏನು ಅಂದ್ರೆ, ಸರ್ಕಾರದ ಕೈ ಬಿಟ್ಟಿದ್ದು ಎಷ್ಟೋ ರಾಜ್ಯದಲ್ಲಿ ನೇರವಾಗಿ ಸ್ಪೀಕರ್ ಆದೋರ ಕೈಗೆ ಹೋಗಿದೆ, ಆಮೇಲೆ ಅವ್ರ ಕ್ಷೇತ್ರದ ಹುಡುಗ್ರು, ಅವ್ರ ಪಿಎ ತಮ್ಮ, ಕಾರ್ಯಕರ್ತನ ಮಗ ಇವ್ರೆಲ್ಲ ಹಿಂಬಾಗಿಲಿಂದ ಬರೋಕೆ ದಾರಿ ಆಗಿದೆ.

ಉತ್ತರಾಖಂಡದಲ್ಲಿ ಆಗಿದ್ದು ಅದೇ. 2022ರ ಸೆಪ್ಟೆಂಬರಲ್ಲಿ ಅಲ್ಲಿನ ಸ್ಪೀಕರ್ ರಿತು ಖಂಡೂರಿ ಅವ್ರು ವಿಧಾನಸಭೆ ಸಚಿವಾಲಯದಲ್ಲಿ 2016, 2020 ಮತ್ತೆ 2021ರಲ್ಲಿ ಆಗಿದ್ದ 228 ತಾತ್ಕಾಲಿಕ ನೇಮಕಾತಿನ ಒಂದೇ ಏಟಿಗೆ ರದ್ದು ಮಾಡಿದ್ರು. ಜಾಹೀರಾತಿಲ್ಲ, ಪರೀಕ್ಷೆ ಇಲ್ಲ, ಎರಡೂ ಪಾರ್ಟಿ ಸ್ಪೀಕರ್‌ಗಳ ಕಾಲದ್ದು. ಕೆಲಸ ಹೋದೋರು ಹೈಕೋರ್ಟಿಗೆ ಹೋದ್ರು, ಮೊದಲು ತಡೆ ಸಿಕ್ತು, ಆಮೇಲೆ ವಿಭಾಗೀಯ ಪೀಠ ರದ್ದು ಮಾಡಿದ್ದೇ ಸರಿ ಅಂತು, ಸುಪ್ರೀಂ ಕೋರ್ಟಲ್ಲೂ ನಡೀಲಿಲ್ಲ. ಖುಷಿ ಪಡೋ ವಿಷಯ ಅಂತ ಅನ್ಸುತ್ತೆ, ಆದ್ರೆ ಆರು ವರ್ಷ ಕೆಲಸ ಮಾಡಿ, ಮದುವೆ ಆಗಿ, ಸಾಲ ತಗೊಂಡು ಮನೆ ಕಟ್ಟಿದೋನು ಬೀದಿಗೆ ಬಂದ, ನೇಮಕ ಮಾಡಿದ ದೊಡ್ಡೋರು ಆರಾಮಾಗಿದ್ರು. ನಮ್ಮ ರಾಜ್ಯಕ್ಕೂ ಈ ಪಾಠ ಹೊಸದಲ್ಲ. ದಿನಗೂಲಿ ತಾತ್ಕಾಲಿಕ ಅಂತ ತಗೊಂಡು ಆಮೇಲೆ ಖಾಯಂ ಮಾಡಿ ಅಂತ ಕೇಳೋದರ ಬಗ್ಗೆ 2006ರಲ್ಲಿ ಸುಪ್ರೀಂ ಕೋರ್ಟ್ ಸಂವಿಧಾನ ಪೀಠ ಕೊಟ್ಟ ಉಮಾದೇವಿ ತೀರ್ಪು ಇದ್ಯಲ್ಲ, ದೇಶದ ಎಲ್ಲ ಕೋರ್ಟಲ್ಲೂ ಇವತ್ತಿಗೂ ಅದನ್ನೇ ಓದ್ತಾರೆ, ಅದು ಹುಟ್ಟಿದ್ದೇ ಕರ್ನಾಟಕ ಸರ್ಕಾರದ ಕೇಸಿಂದ. ಬಾಗಿಲು ತೆರೆದು, ಎಲ್ರಿಗೂ ಹೇಳಿ, ಪರೀಕ್ಷೆ ಮಾಡಿ ತಗೋಬೇಕು ಅನ್ನೋದು ಅದರ ತಿರುಳು. ತೀರ್ಪು ಬಂದ ರಾಜ್ಯದ ಶಾಸಕಾಂಗಾನೇ ಮೊದಲು ಅದನ್ನ ಪಾಲಿಸ್ಬೇಕು ಅಲ್ವಾ.

ಅದಕ್ಕೆ ನನ್ನ ಮೊದಲನೇ ಬೇಡಿಕೆ. ಮಾರ್ಷಲ್ ಇರ್ಲಿ, ದಲಾಯತ್ (ಜವಾನ) ಇರ್ಲಿ, ಸದನದಲ್ಲಿ ಮಾತು ಬರ್ಕೊಳ್ಳೋ ವರದಿಗಾರರು ಇರ್ಲಿ, ವಿಧಾನಸಭೆ ಮತ್ತೆ ಪರಿಷತ್ತು ಎರಡೂ ಸಚಿವಾಲಯದ ಹುದ್ದೆ ಎಷ್ಟು ಮಂಜೂರಾಗಿದೆ, ಎಷ್ಟು ತುಂಬಿದೆ, ಎಷ್ಟು ಖಾಲಿ, ಅದ್ರಲ್ಲಿ ಬೇರೆ ಇಲಾಖೆಯಿಂದ ಎರವಲು ಸೇವೆ ಎಷ್ಟು, ಎಷ್ಟು ಹೊರಗುತ್ತಿಗೆ ಅಂತ ಪ್ರತಿ ವರ್ಷ ಬಜೆಟ್ ಅಧಿವೇಶನದ ಮೊದಲನೇ ದಿನ ಕನ್ನಡದಲ್ಲಿ ಹಾಕ್ಬಿಡಿ. ಸದನದಲ್ಲಿ ಬೇರೆ ಎಲ್ಲ ಇಲಾಖೆದು ಕೇಳ್ತಾರೆ, ಶಿಕ್ಷಕರ ಹುದ್ದೆ ಎಷ್ಟು ಖಾಲಿ, ಪೊಲೀಸ್ ಎಷ್ಟು ಖಾಲಿ ಅಂತ ಗಂಟಲು ಹರ್ಕೋತಾರೆ, ತಾವು ಕೂತಿರೋ ಮನೇದು ಮಾತ್ರ ಕೇಳೋರಿಲ್ಲ. ಪರೀಕ್ಷೆನ ಹೊರಗಿನ ಸಂಸ್ಥೆ ಕೈಲಿ ಮಾಡ್ಸಿ. 545 ಪಿಎಸ್‌ಐ ಹುದ್ದೆ ಹಗರಣ ಆದ್ಮೇಲೆ 2024ರ ಜನವರೀಲಿ ಮರುಪರೀಕ್ಷೆ ಮಾಡೋಕೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಬರ್ಬೇಕಾಯ್ತು, ಇಲ್ಲಿ ಹಗರಣ ಆಗೋಕೆ ಮುಂಚೇನೇ ಕರೀಬಹುದು. ಸ್ಪೀಕರ್ ಅಧಿಕಾರಕ್ಕೆ ಕುಂದು ಏನೂ ಬರಲ್ಲ, ನೇಮಕಾತಿ ಆದೇಶಕ್ಕೆ ಸೈನ್ ಹಾಕೋರು ಅವ್ರ ಸಚಿವಾಲಯದೋರೇ.

ಇನ್ನೊಂದು ಮಾತು ಕೇಳ್ತಾ ಇರ್ತೀವಿ, ಇಷ್ಟೆಲ್ಲ ಯಾಕೆ, ಪೊಲೀಸ್ ಹಾಕಿದ್ರೆ ಆಯ್ತಲ್ಲ, ಹೆಂಗೂ ವಿಧಾನಸೌಧ ಸುತ್ತ ಅವ್ರೇ ಇದಾರೆ, ಡಿಸಿಪಿ ಬೇರೆ ಇದಾರೆ ಅಂತ. ಸುತ್ತ ಇರ್ಲಿ, ಬೇಡ ಅನ್ನಲ್ಲ. ಸದನದ ಬಾಗಿಲ ಒಳಗೆ ಬೇಡ. ಪೊಲೀಸ್ ಮಾತು ಕೇಳೋದು ಗೃಹ ಮಂತ್ರಿದು, ಮಾರ್ಷಲ್ ಮಾತು ಕೇಳೋದು ಪೀಠದಲ್ಲಿ ಕೂತೋರದ್ದು. ಇದೇನು ದೊಡ್ಡ ವ್ಯತ್ಯಾಸ ಅನ್ನೋರು 2021ರ ಮಾರ್ಚ್ 23ರ ಬಿಹಾರ ನೋಡಿ, ವಿಶೇಷ ಸಶಸ್ತ್ರ ಪೊಲೀಸ್ ಮಸೂದೆ ವಿರೋಧ ಮಾಡಿದ ವಿರೋಧ ಪಕ್ಷದ ಶಾಸಕರನ್ನ ಪೊಲೀಸರು ವಿಧಾನಸಭೆ ಆವರಣದಲ್ಲೇ ಎಳೆದಾಡಿ ಹೊಡೆದಿದ್ರು. ಅದಕ್ಕೂ ಮುಂಚೆ 1988ರ ಜನವರೀಲಿ ತಮಿಳುನಾಡಲ್ಲಿ ಆಗಿನ ಮುಖ್ಯಮಂತ್ರಿ ಜಾನಕಿ ರಾಮಚಂದ್ರನ್ ವಿಶ್ವಾಸಮತದ ದಿನ ಸದನದ ಒಳಗೇ ಪೊಲೀಸ್ ನುಗ್ಗಿ ಲಾಠಿ ಬೀಸಿದ್ರು. ಈಗ ಪಾರ್ಲಿಮೆಂಟಲ್ಲಿ 2024ರಿಂದ ಕೇಂದ್ರ ಗೃಹ ಇಲಾಖೆ ಪಡೆ ಆದ ಸಿಐಎಸ್‌ಎಫ್‌ನ 3,300ಕ್ಕೂ ಜಾಸ್ತಿ ಜನ ಬಂದಿದಾರೆ. 2025ರ ಆಗಸ್ಟಲ್ಲಿ ನಮ್ಮ ಕಲಬುರಗಿಯ ಮಲ್ಲಿಕಾರ್ಜುನ ಖರ್ಗೆ ಅವ್ರು ರಾಜ್ಯಸಭೆ ಉಪಸಭಾಪತಿಗೆ ಪತ್ರ ಬರೆದು, ಸದಸ್ಯರು ಪ್ರತಿಭಟನೆ ಮಾಡುವಾಗ ಸದನದ ಬಾವಿಗೆ (ಪೀಠದ ಮುಂದಿನ ಜಾಗಕ್ಕೆ) ಸಿಐಎಸ್‌ಎಫ್‌ನೋರನ್ನ ಓಡಿಸ್ತಿದೀರಿ ಅಂತ ಆಕ್ಷೇಪ ಮಾಡಿದ್ರು. ಸರ್ಕಾರ ಅವ್ರು ಮಾರ್ಷಲ್‌ಗಳೇ ಅಂತು. ಯಾರು ಸರಿ ಅನ್ನೋದು ಬಿಡಿ, ಬಾವೀಲಿ ನಿಂತೋನು ಯಾರ ಆಳು ಅಂತ ವಿರೋಧ ಪಕ್ಷದ ನಾಯಕರಿಗೇ ಅನುಮಾನ ಬರೋ ಪರಿಸ್ಥಿತಿ ಇರಬಾರ್ದು.

ಸದನದ್ದೇ ಸಿಬ್ಬಂದಿ ಅಂದ್ರೆ ಎಂಥೋರು ಅಂತ ಹೇಳ್ತೀನಿ. 2001ರ ಡಿಸೆಂಬರ್ 13ಕ್ಕೆ ಪಾರ್ಲಿಮೆಂಟ್ ಮೇಲೆ ದಾಳಿ ಆದಾಗ ಸತ್ತೋರಲ್ಲಿ ಪೊಲೀಸರು, ಸಿಆರ್‌ಪಿಎಫ್‌ನ ಕಮಲೇಶ್ ಕುಮಾರಿ, ಒಬ್ಬ ತೋಟದ ಮಾಲಿ ಜೊತೆಗೆ ಜಗದೀಶ್ ಪ್ರಸಾದ್ ಯಾದವ್, ಮಾತ್ಬರ್ ಸಿಂಗ್ ನೇಗಿ ಅಂತ ಇಬ್ಬರು ಇದ್ರು. ಇಬ್ರೂ ರಾಜ್ಯಸಭೆ ಸಚಿವಾಲಯದ ವಾಚ್ ಅಂಡ್ ವಾರ್ಡ್ ಅಂದ್ರೆ ಕಾವಲು ವಿಭಾಗದ ನೌಕರರು, ಕೈಲಿ ಬಂದೂಕಿಲ್ಲ. ಬರಿಗೈಲಿ ಉಗ್ರರನ್ನ ತಡೆಯೋಕೆ ಹೋಗಿ ಪ್ರಾಣ ಬಿಟ್ರು, ಅಶೋಕ ಚಕ್ರ ಬಂತು. ಯಾವ ಕಾರು ದಿನಾ ಬರುತ್ತೆ, ಯಾವುದು ಹೊಸದು, ಯಾವ ಡ್ರೈವರ್ ಯಾವ ಸಾಹೇಬ್ರದ್ದು ಅಂತ ವರ್ಷಗಟ್ಟಲೆ ಅಲ್ಲೇ ಇದ್ದೋನಿಗೆ ಗೊತ್ತಿರುತ್ತೆ. ಆಗಾಗ ಬದಲಾಗೋ ಪಡೆಗೆ ಹೆಂಗೆ ಗೊತ್ತಾಗ್ಬೇಕು.

ನಮ್ಮಲ್ಲಿ ಈ ಮಾರ್ಷಲ್‌ಗಳ ಪಾಡು ಇನ್ನೂ ವಿಚಿತ್ರ. 2020ರ ಡಿಸೆಂಬರ್ 15, ವಿಧಾನ ಪರಿಷತ್ತು. ಸಭಾಪತಿ ಪ್ರತಾಪಚಂದ್ರ ಶೆಟ್ಟಿ ಅವ್ರು ಬರೋಕೆ ಮುಂಚೆ ಉಪಸಭಾಪತಿ ಎಸ್.ಎಲ್. ಧರ್ಮೇಗೌಡರು ಪೀಠದಲ್ಲಿ ಕೂತಿದ್ದು, ಅವ್ರನ್ನ ಎಳೆದು ಕೆಳಗಿಳಿಸಿದ್ದು, ಒಂದು ಕಡೆ ಬಾಗಿಲು ಹಾಕ್ಕೊಂಡಿದ್ದು, ಮಧ್ಯದಲ್ಲಿ ಮಾರ್ಷಲ್‌ಗಳು ಸಿಕ್ಕಾಕ್ಕೊಂಡಿದ್ದು. ಅವತ್ತು ಮಾರ್ಷಲ್‌ಗಳು ಯಾರ ಮಾತು ಕೇಳ್ಬೇಕಿತ್ತು ಹೇಳಿ? ಪೀಠದಲ್ಲಿ ಕೂತೋರದ್ದಾ, ಬಾಗಿಲಾಚೆ ನಿಂತ ಸಭಾಪತೀದಾ? ಇಂಥ ಹೊತ್ತಿಗೆ ಏನು ಮಾಡ್ಬೇಕು ಅಂತ ಮೊದ್ಲೇ ಬರೆದಿಟ್ಟ ಒಂದು ಪುಟದ ಆದೇಶ ಕೈಲಿದ್ರೆ ಅವ್ರು ಅದನ್ನ ತೋರಿಸಿ ನಿಲ್ತಿದ್ರು. ನಮ್ಮ ಕ್ಯಾಂಪಸ್ಸಲ್ಲೇ ಬೆಂಕಿ ಬಿದ್ರೆ ಏನು, ಹಾವು ಬಂದ್ರೆ ಏನು, ಮ್ಯಾನೇಜ್ಮೆಂಟೋರು ಇಬ್ಬರು ಗೇಟಲ್ಲಿ ಜಗಳಾಡಿದ್ರೆ ಏನು ಅಂತ ಎಲ್ಲದಕ್ಕೂ ಒಂದು ಫೈಲ್ ಇತ್ತು. (ಹಾವು ಬಂದಿತ್ತು, ಮ್ಯಾನೇಜ್ಮೆಂಟೋರೂ ಜಗಳಾಡಿದ್ರು, ಫೈಲ್ ಉಪಯೋಗಕ್ಕೆ ಬಂದಿದ್ದು ಹಾವಿಗೆ ಮಾತ್ರ.) ಕೇರಳದಲ್ಲಿ 2015ರ ಮಾರ್ಚ್ 13ಕ್ಕೆ ಹಣಕಾಸು ಮಂತ್ರಿ ಕೆ.ಎಂ. ಮಾಣಿ ಬಜೆಟ್ ಓದುವಾಗ ವಿರೋಧ ಪಕ್ಷದ ಶಾಸಕರು ಸ್ಪೀಕರ್ ಕುರ್ಚಿನೇ ಎತ್ತಿ ಎಸೆದ್ರು, ವಾಚ್ ಅಂಡ್ ವಾರ್ಡ್‌ನೋರು ಗೋಡೆ ಥರ ನಿಂತು ಬಜೆಟ್ ಮುಗಿಸಿದ್ರು. ಆ ಕೇಸು ಸುಪ್ರೀಂ ಕೋರ್ಟ್‌ವರೆಗೂ ಹೋಗಿ, ಸದನದ ಸೊತ್ತು ಒಡೆಯೋದಕ್ಕೆ ಶಾಸಕರ ಹಕ್ಕಿನ ರಕ್ಷಣೆ ಇಲ್ಲ ಅಂತ 2021ರಲ್ಲಿ ತೀರ್ಪಾಯ್ತು.

ಈಗ ಸಲಕರಣೆ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಇಲ್ಲಿ ದುಡ್ಡು ಸುರಿಯೋಕೆ ಎಲ್ರಿಗೂ ಇಷ್ಟ, ಟೆಂಡರ್ ಇರುತ್ತಲ್ಲ. 2023ರ ಡಿಸೆಂಬರ್ 13ಕ್ಕೆ ಲೋಕಸಭೇಲಿ ಗ್ಯಾಲರಿಯಿಂದ ಇಬ್ರು ಜಿಗಿದು ಹಳದಿ ಹೊಗೆ ಬಿಟ್ರು. ಅವ್ರಲ್ಲಿ ಒಬ್ಬ ಮೈಸೂರಿನೋನು, ಪಾಸು ಹೋಗಿದ್ದು ಆಗಿನ ಮೈಸೂರು ಸಂಸದರ ಕಚೇರಿಯಿಂದ. ಹೊಗೆ ಡಬ್ಬಿ ಇಟ್ಟಿದ್ದು ಶೂ ಒಳಗೆ. ಕೋಟಿಗಟ್ಟಲೆ ಖರ್ಚು ಮಾಡಿದ ಹೊಸ ಕಟ್ಟಡ, ಸ್ಕ್ಯಾನರ್, ಕ್ಯಾಮೆರಾ, ಎಲ್ಲಾ ಇತ್ತು, ಶೂ ಬಿಚ್ಚಿಸಿ ನೋಡಿರಲಿಲ್ಲ ಅಷ್ಟೇ. ಬಾಗಿಲ ಚೌಕಟ್ಟಿನ ಥರ ನಿಲ್ಲಿಸಿರೋ ಮೆಟಲ್ ಡಿಟೆಕ್ಟರ್ ಹೆಸರೇ ಹೇಳೋ ಹಂಗೆ ಲೋಹ ಹುಡುಕುತ್ತೆ, ಪ್ಲಾಸ್ಟಿಕ್ ಡಬ್ಬಿ ಪುಡಿ ಅದಕ್ಕೆ ಕಾಣಲ್ಲ. ಕೈ ಸವರಿ ನೋಡೋ ಮನುಷ್ಯ ಬೇಕು, ಅವನಿಗೆ ಟೈಮ್ ಬೇಕು, ಹಿಂದೆ ಇನ್ನೂರು ಜನ ಕ್ಯೂ ನಿಂತು 'ಬೇಗ ಬೇಗ' ಅಂತಿದ್ರೆ ಯಾರೂ ಶೂ ಮುಟ್ಟಲ್ಲ. ಅವತ್ತು ಸಸ್ಪೆಂಡ್ ಆಗಿದ್ದು ಯಾರು ಗೊತ್ತಾ, ಲೋಕಸಭೆ ಸಚಿವಾಲಯದ 8 ಜನ ಭದ್ರತಾ ಸಿಬ್ಬಂದಿ. ಪಾಸ್ ಕೊಡಿಸಿದೋರಿಗೆ ಏನೂ ಆಗ್ಲಿಲ್ಲ. ಆ ಟೈಮಲ್ಲಿ ನಮ್ಮ ಅಧಿವೇಶನ ಬೆಳಗಾವೀಲಿ ನಡೀತಿತ್ತು, ಅಲ್ಲೂ ಒಂದೆರಡು ದಿನ ತಪಾಸಣೆ ಬಿಗಿ ಮಾಡಿದ್ರು. ಪಾಸಿಗೆ ಶಿಫಾರಸು ಮಾಡಿದ ಶಾಸಕರೂ ಜವಾಬ್ದಾರರು ಅಂತ ನಮ್ಮ ಸದನ ಒಂದು ನಿಯಮ ಮಾಡಿದ್ರೆ ಅರ್ಧ ಕ್ಯೂ ತಾನಾಗೇ ಕರಗುತ್ತೆ.

ಸಲಕರಣೆ ತಂದ್ರೂ ಅದನ್ನ ಓದೋಕೆ ಬರೋರು ಇಲ್ದಿದ್ರೆ ಏನಾಗುತ್ತೆ ಅನ್ನೋಕೆ ಉತ್ತರ ಪ್ರದೇಶ ಇದೆ. 2017ರ ಜುಲೈಲಿ ಲಕ್ನೋ ವಿಧಾನಸಭೆ ಸೀಟ್ ಕೆಳಗೆ ಬಿಳಿ ಪುಡಿ ಸಿಕ್ತು. ಪರೀಕ್ಷೆ ಮಾಡಿ ಪಿಇಟಿಎನ್ ಅನ್ನೋ ಭಯಂಕರ ಸ್ಫೋಟಕ ಅಂದ್ರು, ಮುಖ್ಯಮಂತ್ರಿಗಳು ಸದನದಲ್ಲೇ ಹೇಳಿ ದೇಶ ಎಲ್ಲಾ ಗಾಬರಿ ಆಯ್ತು. ಆಮೇಲೆ ಹೈದರಾಬಾದ್ ಲ್ಯಾಬು ಇದು ಸ್ಫೋಟಕಾನೇ ಅಲ್ಲ ಅಂತು, ಲಕ್ನೋದ ವಿಧಿವಿಜ್ಞಾನ ಪ್ರಯೋಗಾಲಯದ ನಿರ್ದೇಶಕರು ಸಸ್ಪೆಂಡ್ ಆದ್ರು. ನಮ್ಮಲ್ಲಿ 2024ರಿಂದ ಶಾಸಕರು ಎಷ್ಟೊತ್ತಿಗೆ ಬಂದ್ರು ಎಷ್ಟೊತ್ತಿಗೆ ಹೋದ್ರು ಅಂತ ಲೆಕ್ಕ ಇಡೋಕೆ ಎಐ ಕ್ಯಾಮೆರಾ ಹಾಕಿದಾರೆ, ಒಳ್ಳೇದೇ. ಆದ್ರೆ ಅದೇ ಕ್ಯಾಮೆರಾ 'ಈ ಮುಖ ನಮ್ಮ 224ರಲ್ಲಿಲ್ಲ' ಅಂತ ಬಾಗಿಲಲ್ಲಿರೋ ಮಾರ್ಷಲ್ ಕೈಗೆ ತಕ್ಷಣ ಹೇಳ್ಬೇಕು, ಆಗ ಬಜೆಟ್ ದಿನದ ಕಥೆ ಮತ್ತೆ ಆಗಲ್ಲ. ಹಾಜರಾತಿಗೆ ಎಐ, ಭದ್ರತೆಗೆ ಕಣ್ಣಂದಾಜು ಅನ್ನೋ ಹಂಗೆ ಆಗ್ಬಾರ್ದು.

2025ರಲ್ಲಿ ಶಾಸಕರು ಮಧ್ಯಾಹ್ನ ಊಟ ಆದ್ಮೇಲೆ ಒರಗಿಕೊಳ್ಳೋಕೆ ಮೊಗಸಾಲೇಲಿ (ಲಾಬೀಲಿ) ರಿಕ್ಲೈನರ್ ಕುರ್ಚಿ ಹಾಕಿಸಿದ್ರು ಅಂತ ಸುದ್ದಿ ಬಂತು, ಜನ ನಕ್ರು. ನಾನು ನಗಲ್ಲ, ವಯಸ್ಸಾದೋರು ಇರ್ತಾರೆ, ಸ್ವಲ್ಪ ಒರಗಿ ಸಂಜೆ ಕಲಾಪಕ್ಕೆ ಕೂತ್ರೆ ನಮಗೇ ಲಾಭ. ಆದ್ರೆ ಅದೇ ಬಾಗಿಲಲ್ಲಿ ಬೆಳಗ್ಗೆಯಿಂದ ರಾತ್ರಿ ಕಲಾಪ ಮುಗಿಯೋವರೆಗೂ ನಿಂತಿರೋರಿಗೆ ಏನಿದೆ ಅಂತಾನೂ ನೋಡ್ಬೇಕು. ನಾನು ಹೇಳ್ತೀನಿ ಏನು ಬೇಕು ಅಂತ, ದೊಡ್ಡ ಟೆಂಡರ್ ಏನೂ ಬೇಡ. ನಾಲ್ಕು ಗಂಟೆಗೊಂದು ಸಲ ಬಿಡಿಸೋಕೆ ರಿಲೀವರ್ ಬೇಕು. ಒಳ್ಳೆ ಅಟ್ಟೆ ಇರೋ ಶೂ ಬೇಕು, ಏಜೆನ್ಸಿ ಕೊಡೋ ಶೂ ಹಾಕ್ಕೊಂಡು ಕಲ್ಲು ನೆಲದ ಮೇಲೆ ನಿಂತು ನೋಡಿ, ಎರಡು ವರ್ಷಕ್ಕೆ ಹಿಮ್ಮಡಿ ನೋವು ಖಾಯಂ, ಮಂಡಿ ಆಮೇಲೆ. ಚಾರ್ಜ್ ನಿಲ್ಲೋ ವಾಕಿಟಾಕಿ ಬೇಕು. ಹೆಂಗಸರನ್ನ ತಪಾಸಣೆ ಮಾಡೋಕೆ ಮರೆ ಇರೋ ಜಾಗ, ಅದಕ್ಕೆ ಸಾಕಷ್ಟು ಮಹಿಳಾ ಸಿಬ್ಬಂದಿ, ಅವ್ರಿಗೆ ಹತ್ತಿರದಲ್ಲೇ ಟಾಯ್ಲೆಟ್ಟು ಬೇಕು, ಇಲ್ಲಾಂದ್ರೆ ಅವ್ರು ನೀರೇ ಕುಡಿಯಲ್ಲ, ನಮ್ಮ ಸೈಟಲ್ಲಿ ಹೆಣ್ಮಕ್ಕಳು ಹಂಗೇ ಮಾಡ್ತಿದ್ರು, ಬೇಸಿಗೇಲಿ ತಲೆ ಸುತ್ತಿ ಬೀಳೋರು. ಸದನದಲ್ಲಿ ಯಾರಾದ್ರೂ ಎದೆ ಹಿಡ್ಕೊಂಡು ಕುಸಿದ್ರೆ ಮೊದಲು ತಲುಪೋನು ಡಾಕ್ಟರ್ ಅಲ್ಲ, ಮಾರ್ಷಲ್ಲೇ, ಅವನಿಗೆ ಎದೆ ಒತ್ತೋದು ಕಲಿಸಿ. ಮತ್ತೆ ಒದ್ದಾಡೋ ಮನುಷ್ಯನ್ನ ನಾಲ್ಕು ಜನ ಸೇರಿ ಏಟಾಗದಂಗೆ ಎತ್ತೋದನ್ನೂ ಕಲಿಸಿ. 2023ರ ಜುಲೈಲಿ 10 ಶಾಸಕರನ್ನ ಹೊರಗೆ ಹಾಕಿದ ದಿನ ಶಾಸಕ ಯತ್ನಾಳ್ ಅವ್ರನ್ನ ಆಸ್ಪತ್ರೆಗೆ ಸೇರಿಸ್ಬೇಕಾಯ್ತು, ಅವತ್ತೇ ಇದು ಹೊಳೀಬೇಕಿತ್ತು. ಸಮವಸ್ತ್ರ ಮಾತ್ರ ಸಾಕು ದಯವಿಟ್ಟು, 2019ರಲ್ಲಿ ರಾಜ್ಯಸಭೆ ಮಾರ್ಷಲ್‌ಗಳಿಗೆ ಮಿಲಿಟರಿ ಥರ ಡ್ರೆಸ್ ಹಾಕ್ಸಿ, ನಿವೃತ್ತ ಸೇನಾಧಿಕಾರಿಗಳು ಬೈದ ಮೇಲೆ ಬದಲಾಯಿಸಿದ್ರಲ್ಲ, ಅಂಥ ಖರ್ಚು ನಮಗೆ ಬೇಡ.

ಬೆಳಗಾವಿ ವಿಷಯ ಬೇರೆನೇ. ಸುವರ್ಣ ವಿಧಾನಸೌಧ 2012ರ ಅಕ್ಟೋಬರ್ 11ಕ್ಕೆ ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಅವ್ರಿಂದ ಉದ್ಘಾಟನೆ ಆಯ್ತು. ವರ್ಷಕ್ಕೆ ಹತ್ತು ಹದಿನೈದು ದಿನ ಅಧಿವೇಶನ, ಉಳಿದಂತೆ ಖಾಲಿ ಖಾಲಿ. ಆ ಹತ್ತು ದಿನಕ್ಕೆ ಬೆಂಗಳೂರಿಂದ ಇಡೀ ಸಚಿವಾಲಯ ಬಸ್ಸಲ್ಲಿ ಹೋಗ್ಬೇಕು, ಸಾವಿರಾರು ಪೊಲೀಸರು ಬೇರೆ ಜಿಲ್ಲೆಯಿಂದ ಬಂದು ಚಳೀಲಿ ಟೆಂಟಲ್ಲಿ ಮಲಗ್ಬೇಕು. ಕಟ್ಟಡ ಪರಿಚಯ ಇಲ್ಲ, ಯಾವ ಮೆಟ್ಟಿಲು ಎಲ್ಲಿಗೆ ಹೋಗುತ್ತೆ ಗೊತ್ತಿಲ್ಲ. 2024ರ ಡಿಸೆಂಬರ್ 19ಕ್ಕೆ ಪರಿಷತ್ತಿನ ಬಿಜೆಪಿ ಸದಸ್ಯ ಸಿ.ಟಿ. ರವಿ ಮತ್ತೆ ಮಂತ್ರಿ ಲಕ್ಷ್ಮೀ ಹೆಬ್ಬಾಳಕರ್ ಗಲಾಟೆ ಆದಾಗ ಹೆಬ್ಬಾಳಕರ್ ಬೆಂಬಲಿಗರ ಗುಂಪು ಸುವರ್ಣಸೌಧದ ಒಳಗೇ ನುಗ್ಗಿ ರವಿ ಅವ್ರ ಮೇಲೆ ಏರಿ ಹೋಗೋಕೆ ನೋಡಿದ್ದು, ಸಂಜೆ ಪೊಲೀಸರು ಅವ್ರನ್ನ ಅಲ್ಲಿಂದಲೇ ಎತ್ಕೊಂಡು ಹೋಗಿದ್ದು, ರಾತ್ರಿಯೆಲ್ಲ ಎಲ್ಲೆಲ್ಲೋ ಸುತ್ತಿಸಿದ್ದು, ಸಭಾಪತಿ ಹೊರಟ್ಟಿ ಅವ್ರು ಇದು ನನ್ನ ವ್ಯಾಪ್ತಿ ಅಂದಿದ್ದು ಎಲ್ಲ ನೆನಪಿದೆ. ರವಿ ಏನು ಅಂದ್ರು ಅನ್ನೋದು ಕೋರ್ಟಿಗೆ ಬಿಟ್ಟಿದ್ದು. ಆದ್ರೆ ಒಬ್ಬ ಸದಸ್ಯನ ಬೆನ್ನು ಹತ್ತಿ ಗುಂಪು ಒಳಗೆ ಹೆಂಗೆ ಬಂತು ಅನ್ನೋದು ಗೇಟಿಗೆ ಸೇರಿದ್ದು, ಅದಕ್ಕೆ ಉತ್ತರ ಬಂದಿದ್ದು ನಾನಂತೂ ಓದಿಲ್ಲ.

ಅದೇ ಸುವರ್ಣಸೌಧದ ಇನ್ನೊಂದು ಫೋಟೋ ನೆನಪಿದ್ಯಾ? 2022ರ ಬೇಸಿಗೆ ಕೊನೇಲಿ ಸೌಧದ ಮುಂದೆ ಶಾವಿಗೆ ಹಪ್ಪಳ ಒಣಗೋಕೆ ಹಾಕಿದ್ದು, ಊರೆಲ್ಲ ಓಡಾಡಿತ್ತಲ್ಲ. ಹಾಕಿದ್ದು ಅಲ್ಲೇ ಪಕ್ಕದ ಊರಿನ ಹೆಣ್ಮಗಳು, ಕಸ ಗುಡಿಸೋ ಗುತ್ತಿಗೆ ಕೆಲಸದೋಳು. ಫೋಟೋ ವೈರಲ್ ಆದ ಕೂಡ್ಲೇ ಕೆಲಸದಿಂದ ತೆಗೆದ್ರು, ಆಮೇಲೆ ಜನ ಉಗಿದ್ಮೇಲೆ ವಾಪಸ್ ತಗೊಂಡ್ರು. ವರ್ಷದಲ್ಲಿ ಮುನ್ನೂರೈವತ್ತು ದಿನ ಆ ಕಟ್ಟಡನ ನೋಡ್ಕೊಂಡಿರೋದು ಅವಳಂಥೋರೇ, ನೋಟೀಸಿಲ್ಲ ವಿಚಾರಣೆ ಇಲ್ಲ, ಒಂದು ಫೋನಿಗೆ ಕೆಲಸ ಹೋಗುತ್ತೆ. ಇದೇ ಹೊರಗುತ್ತಿಗೆ ಅಂದ್ರೆ. ಏಜೆನ್ಸಿ ಬಿಲ್ಲಲ್ಲಿ ಒಂದು ಸಂಬಳ, ಕೈಗೆ ಬರೋದು ಇನ್ನೊಂದು, ಪಿಎಫ್ ಕಟ್ಟಿದಾರಾ ಅಂತ ಯುಎಎನ್ ಅನ್ನೋ ಪಿಎಫ್ ಖಾತೆ ನಂಬರ್ ಹಾಕಿ ನೋಡಿದ್ರೆ ಎಷ್ಟೋ ತಿಂಗಳದ್ದು ಇರಲ್ಲ, ಟೆಂಡರ್ ಬದಲಾದ್ರೆ ಅದೇ ಜನ, ಹೊಸ ಟೋಪಿ, ಸರ್ವೀಸ್ ಮಾತ್ರ ಮತ್ತೆ ಸೊನ್ನೆಯಿಂದ. ನಮ್ಮ ಹುಡುಗ್ರಿಗೆ ಆಗಿದ್ದೆಲ್ಲ ಇದೇ. ಖಾಸಗಿ ಕಂಪನೀಲಿ ಲಾಭ ಲೆಕ್ಕ ಅಂತಾರೆ, ಕಾರ್ಮಿಕ ಕಾನೂನು ಪಾಸ್ ಮಾಡೋ ಮನೆ ಅಂಗಳದಲ್ಲೂ ಹಿಂಗೇ ಆದ್ರೆ ಯಾರನ್ನ ಕೇಳೋದು.

ಕೊನೇದಾಗಿ ಜೂನ್ 4ರ ಮಾತು ಹೇಳದೇ ಇರೋಕಾಗಲ್ಲ. 2025ರಲ್ಲಿ ಆರ್‌ಸಿಬಿ ಕಪ್ ಗೆದ್ದ ಮಾರನೇ ದಿನ, ವಿಧಾನಸೌಧದ ಗ್ರ್ಯಾಂಡ್ ಸ್ಟೆಪ್ಸ್ ಮೇಲೆ ಸನ್ಮಾನ, ಅತ್ತ ಸ್ಟೇಡಿಯಂ ಗೇಟಲ್ಲಿ ಕಾಲ್ತುಳಿತ, 11 ಜನ ಸತ್ರು. ಅವತ್ತೇ ವಿಧಾನಸೌಧ ಭದ್ರತಾ ವಿಭಾಗದ ಡಿಸಿಪಿ, ಲಕ್ಷಾಂತರ ಜನ ಬರ್ಬಹುದು, ನಮ್ಮಲ್ಲಿ ಸಿಬ್ಬಂದಿ ಕೊರತೆ ಇದೆ ಅಂತ ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆಗೆ ಲಿಖಿತವಾಗೇ ಕೊಟ್ಟಿದ್ರು ಅಂತ ಆಮೇಲೆ ಪತ್ರಿಕೇಲಿ ಬಂತು. ಸಮಾರಂಭ ನಡೀತು. ಅಂದ್ರೆ 'ಇಲ್ಲ ಸಾರ್, ಆಗಲ್ಲ' ಅಂತ ಬರೆದು ಕೊಟ್ಟ ಅಧಿಕಾರಿ ಮಾತೇ ನಡೀಲಿಲ್ಲ, ಗುತ್ತಿಗೆ ಗಾರ್ಡ್ ಮಾತು ಎಲ್ಲಿ ನಡೀಬೇಕು. ಅದೇ ಜೂನ್‌ನಿಂದ ರಜಾದಿನ ಜನ ಟಿಕೆಟ್ ತಗೊಂಡು ವಿಧಾನಸೌಧ ನೋಡೋಕೆ ಗೈಡೆಡ್ ಟೂರ್ ಬೇರೆ ಶುರು ಆಗಿದೆ, ಒಳ್ಳೆ ಕೆಲಸ, ಕೆಂಗಲ್ ಹನುಮಂತಯ್ಯನೋರು ಕಟ್ಟಿಸಿದ್ದನ್ನ ಜನ ನೋಡ್ಲಿ. ನೋಡೋರು ಜಾಸ್ತಿ ಆದಂಗೆ ಕಾಯೋರೂ ಜಾಸ್ತಿ ಆಗ್ಬೇಕಲ್ವಾ, ಹುದ್ದೆ ಮಂಜೂರು ಮಾಡ್ದೆ, ಈಗ ಇರೋರನ್ನೇ ಭಾನುವಾರಾನೂ ನಿಲ್ಲಿಸಿದ್ರೆ ಸೋಮವಾರ ಅಧಿವೇಶನಕ್ಕೆ ಅವ್ರು ಎಚ್ಚರ ಇರ್ತಾರಾ?

ಸ್ಪೀಕರ್ ಖಾದರ್ ಸಾಹೇಬ್ರಿಗೂ ಸಭಾಪತಿ ಹೊರಟ್ಟಿ ಸಾಹೇಬ್ರಿಗೂ ಹೊಸದು ಮಾಡೋ ಹುಮ್ಮಸ್ಸಿದೆ, ಇದಕ್ಕೆ ಅವ್ರು ಯಾರ ಅಪ್ಪಣೆಗೂ ಕಾಯ್ಬೇಕಿಲ್ಲ, ಖಾಲಿ ಹುದ್ದೆ ಪಟ್ಟಿ ಮತ್ತೆ ಮಾರ್ಷಲ್‌ಗಳ ಲಿಖಿತ ಆದೇಶ, ಈ ಎರಡನ್ನ ಮುಂದಿನ ಅಧಿವೇಶನದೊಳಗೆ ಹೊರಡಿಸ್ಬಹುದು. ಹಣ ಬೇಕಾಗೋದು ನೇಮಕಾತಿಗೆ, ಅದು ಬಜೆಟ್ಟಿಗೆ ಬರ್ಲಿ, ಅಲ್ಲೀವರೆಗೆ ಹೊರಗುತ್ತಿಗೇಲಿ ಇರೋರನ್ನ ಬಾಯಿಮಾತಲ್ಲಿ ತೆಗೆಯೋ ಹಂಗಿಲ್ಲ ಅಂತ ಏಜೆನ್ಸಿ ಕರಾರಲ್ಲಿ ಒಂದು ಸಾಲು ಸೇರಿಸ್ಲಿ.

ಪತ್ರ ಉದ್ದ ಆಯ್ತು ಸಾರ್. ಜಾಗ ಸಾಲದಿದ್ರೆ ನನ್ನ ಕಂಪನಿ ಪುರಾಣ, ಹಾವಿನ ಕಥೆ ಎಲ್ಲಾ ಕತ್ತರಿಸಿ, ಮಹಿಳಾ ಸಿಬ್ಬಂದಿ ಟಾಯ್ಲೆಟ್ ಸಾಲು ಮತ್ತೆ ಕರಾರಿನ ಸಾಲು ಮಾತ್ರ ಉಳಿಸಿ.

ಇಂತಿ,
ನಿಮ್ಮ ಓದುಗ, ಗುಬ್ಬಿ ತಾಲೂಕು